ಜಿಪಿಎ 2.8, ಮಗಳಿಗೆ ಡಾಕ್ಟರ್ ಆಗುವ ಆಸೆ: ಯಾವ ಮೇಜರ್ ತಗೊಳ್ಳಲಿ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಮೂಲತಃ ಶಿವಮೊಗ್ಗದ ಕಡೆಯವರು. ಮಗಳು ಇಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ, ಪ್ರೀಮೆಡ್, ಅಂದರೆ ಮೆಡಿಕಲ್‌ಗೆ ತಯಾರಿಯ ಓದು. ಮೂರು ಸೆಮಿಸ್ಟರ್ ಮುಗಿದಿದೆ, 45 ಕ್ರೆಡಿಟ್, ಜಿಪಿಎ 4ಕ್ಕೆ 2.8. ಬಯಾಲಜಿ ಎರಡು ಕೋರ್ಸಿನಲ್ಲಿ ಬಿ ಮೈನಸ್ ಮತ್ತು ಬಿ, ಕೆಮಿಸ್ಟ್ರಿಯಲ್ಲಿ ಸಿ ಪ್ಲಸ್ ಮತ್ತು ಸಿ, ಕ್ಯಾಲ್ಕುಲಸ್‌ನಲ್ಲಿ ಸಿ ಪ್ಲಸ್. ಸೈಕಾಲಜಿಯಲ್ಲಿ ಮಾತ್ರ ಎ ಬಂದಿದೆ. ಈಗ ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಜೆನೆಟಿಕ್ಸ್ ಮೂರನ್ನೂ ಒಟ್ಟಿಗೆ ತಗೊಂಡಿದ್ದಾಳೆ. ಆರ್ಗ್ಯಾನಿಕ್ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ 41. ಈ ಸೆಮಿಸ್ಟರ್ ಮುಗಿಯುವುದರೊಳಗೆ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಯಾವುದು ಅಂತ ಹೇಳಬೇಕು. ನನಗೆ ಬಯಾಲಜಿಯೇ ಸರಿ ಅನ್ನಿಸುತ್ತದೆ. ಅವಳು ಸೈಕಾಲಜಿ ಅನ್ನುತ್ತಾಳೆ. ನಮ್ಮ ಯಜಮಾನರು ಕಂಪ್ಯೂಟರ್ ಸೈನ್ಸ್‌ಗೆ ಹಾಕಿಬಿಡೋಣ ಅನ್ನುತ್ತಾರೆ. ಪಬ್ಲಿಕ್ ಹೆಲ್ತ್ ಸುಲಭ ಅಂತ ಪರಿಚಯದವರೊಬ್ಬರು ಹೇಳಿದರು. ಯಾವುದು ತಗೊಂಡರೆ ಮೆಡಿಕಲ್ ಸೀಟು ಸಿಗುತ್ತದೆ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಈ ನಾಲ್ಕರಲ್ಲಿ ನಿಮ್ಮ ಮಗಳು ಹೇಳುತ್ತಿರುವುದೇ ಸರಿ, ಸೈಕಾಲಜಿ. ಆದರೆ ಯಾವುದು ತಗೊಂಡರೆ ಸೀಟು ಸಿಗುತ್ತದೆ ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರ: ಯಾವುದೂ ಅಲ್ಲ. ಅಮೆರಿಕದ ಮೆಡಿಕಲ್ ಸ್ಕೂಲುಗಳು ಮೇಜರ್ ಹೆಸರು ನೋಡಿ ಸೀಟು ಕೊಡುವುದಿಲ್ಲ. ಆ ಹೆಸರು ನೋಡಿ ಅರ್ಜಿ ಪಕ್ಕಕ್ಕಿಡುವುದೂ ಇಲ್ಲ. ಅವರಿಗೆ ಬೇಕಾದದ್ದು ಕೆಲವು ಕೋರ್ಸುಗಳು: ಲ್ಯಾಬ್ ಸಮೇತ ಒಂದು ವರ್ಷ ಬಯಾಲಜಿ, ಒಂದು ವರ್ಷ ಜನರಲ್ ಕೆಮಿಸ್ಟ್ರಿ, ಒಂದು ವರ್ಷ ಫಿಸಿಕ್ಸ್, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಸ್ವಲ್ಪ ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್. ಸ್ಕೂಲಿನಿಂದ ಸ್ಕೂಲಿಗೆ ಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೇ. ಇಷ್ಟನ್ನು ಮುಗಿಸಿ ಚರಿತ್ರೆಯಲ್ಲಿ ಡಿಗ್ರಿ ತಗೊಂಡರೂ ನಡೆಯುತ್ತದೆ, ಸಂಗೀತದಲ್ಲಿ ತಗೊಂಡರೂ ನಡೆಯುತ್ತದೆ. ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಮೆಡಿಕಲ್ ಸ್ಕೂಲ್ 1987ರಲ್ಲೇ ಸಾಹಿತ್ಯ, ಇತಿಹಾಸ ಓದುವವರಿಗೆ ಅಂತ ಪ್ರತ್ಯೇಕವಾಗಿ ಸೀಟು ಇಟ್ಟಿತು. ಆ ಹುಡುಗರು ಮುಂದೆ ಮೆಡಿಕಲ್ ಓದಿನಲ್ಲಿ ಹಿಂದೆ ಬೀಳಲಿಲ್ಲ. ಹಾಗಂತ ಅದನ್ನು ನಿಮ್ಮ ಮಗಳಿಗೆ ಸಮಾಧಾನ ಅಂತ ತಗೋಬೇಡಿ, ಅವರೆಲ್ಲ ಒಳ್ಳೆ ಗ್ರೇಡ್ ಇದ್ದವರೇ.

ಈ ಪ್ರಶ್ನೆ ನಮ್ಮವರಿಂದ ಯಾಕೆ ಹೀಗೆ ಬರುತ್ತದೆ ಅಂತ ಗೊತ್ತು. ಕರ್ನಾಟಕದಲ್ಲಿ ಓದಿದವರಿಗೆ ಕಾಂಬಿನೇಷನ್ನೇ ಎಲ್ಲ. ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡರೆ ಸರಿ, ಕಾಮರ್ಸ್ ತಗೊಂಡರೆ ಮೆಡಿಕಲ್ ಆಸೆ ಅಲ್ಲಿಗೇ ಮುಗಿಯಿತು. ಆಮೇಲೆ ಒಂದೇ ಒಂದು ಪರೀಕ್ಷೆ. ಆಗ ಸಿಇಟಿ, ಈಗ ನೀಟ್. ಅದರಲ್ಲಿ ರ್‍ಯಾಂಕ್ ಬಂದರೆ ಫಸ್ಟ್ ಪಿಯುಸಿ ಕೆಮಿಸ್ಟ್ರಿ ಟೆಸ್ಟಿನಲ್ಲಿ ಎಷ್ಟು ತೆಗೆದಿದ್ದೆ ಅಂತ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಎರಡೂ ಉಲ್ಟಾ. ಕಾಂಬಿನೇಷನ್ ಬಗ್ಗೆ ಯಾರಿಗೂ ತಲೆಬಿಸಿ ಇಲ್ಲ, ಆದರೆ ಮೊದಲ ಸೆಮಿಸ್ಟರ್‌ನ ಆ ಸಿ ಪ್ಲಸ್ ಕೊನೆತನಕ ಜೊತೆಗೇ ಬರುತ್ತದೆ. ಅದಕ್ಕೇ ನಾನು ಮೇಜರ್ ಬದಿಗಿಟ್ಟು ಮೊದಲು ಲೆಕ್ಕ ಹಾಕೋಣ ಅನ್ನುತ್ತೇನೆ.

ಬಹುಪಾಲು ಎಂಡಿ (ಅಮೆರಿಕದಲ್ಲಿ ಇದೇ ಡಾಕ್ಟರ್ ಆಗುವ ಮೊದಲ ಡಿಗ್ರಿ) ಸ್ಕೂಲುಗಳಿಗೆ ಅರ್ಜಿ ಹೋಗುವುದು ಆಮ್ಕಾಸ್ ಅನ್ನುವ ಒಂದೇ ವ್ಯವಸ್ಥೆಯ ಮೂಲಕ. ಅದು ಕಾಲೇಜಿನ ಜಿಪಿಎಯನ್ನು ಹಾಗೇ ತಗೊಳ್ಳುವುದಿಲ್ಲ, ಎಲ್ಲ ಕೋರ್ಸುಗಳನ್ನು ಹರಡಿಕೊಂಡು ಮತ್ತೆ ಲೆಕ್ಕ ಹಾಕುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಸೇರಿಸಿ ಒಂದು ಸೈನ್ಸ್ ಜಿಪಿಎ. ಉಳಿದದ್ದೆಲ್ಲ ಇನ್ನೊಂದು. ಎರಡೂ ಸೇರಿ ಒಟ್ಟು. ನೀವು ಕೊಟ್ಟ ಸೈನ್ಸ್, ಗಣಿತದ ಐದು ಗ್ರೇಡುಗಳನ್ನು, ಒಂದೊಂದಕ್ಕೂ 4 ಕ್ರೆಡಿಟ್ ಅಂತ ಹಿಡಿದು ಹಾಕಿ ನೋಡಿದೆ. ಬಿ ಮೈನಸ್‌ಗೆ 2.7, ಬಿಗೆ 3, ಸಿ ಪ್ಲಸ್‌ಗೆ 2.3, ಸಿಗೆ 2. ಸೈನ್ಸ್ ಜಿಪಿಎ 2.46 ಬರುತ್ತದೆ. ನಿಮ್ಮ ಕಣ್ಣಿಗೆ ಬಿದ್ದಿರುವುದು 2.8, ಆಯ್ಕೆ ಸಮಿತಿಯ ಕಣ್ಣಿಗೆ ಮೊದಲು ಬೀಳುವುದು ಈ 2.46. ಎಂಡಿ ಸ್ಕೂಲುಗಳಿಗೆ ಸೇರುವವರ ಸರಾಸರಿ ಈಗ 3.8ರ ಹತ್ತಿರ ಹತ್ತಿರ ಇದೆ. ಅರ್ಜಿ ಹಾಕಿದ ನೂರು ಜನರಲ್ಲಿ ನಲವತ್ತು ಚಿಲ್ಲರೆ ಜನರಿಗಷ್ಟೇ ಎಲ್ಲೋ ಒಂದು ಕಡೆ ಸೀಟು ಸಿಗುತ್ತದೆ.

ಇನ್ನೂ ಒಂದು ವಿಷಯ, ಇದು ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ. ಕೆಲವು ಕಾಲೇಜುಗಳಲ್ಲಿ ಅದೇ ಕೋರ್ಸನ್ನು ಮತ್ತೆ ಓದಿ ಎ ತೆಗೆದರೆ ಹಳೆಯ ಸಿ ಅಳಿಸಿಹೋಗುತ್ತದೆ. ಕಾಲೇಜಿನ ಲೆಕ್ಕದಲ್ಲಿ ಮಾತ್ರ. ಆಮ್ಕಾಸ್ ಎರಡನ್ನೂ ಎಣಿಸುತ್ತದೆ. ಡಾಕ್ಟರ್ ಆಗುವ ಇನ್ನೊಂದು ಡಿಗ್ರಿ ಕೊಡುವ ಡಿಒ ಸ್ಕೂಲುಗಳು ಮೊದಲು ಹೊಸ ಗ್ರೇಡನ್ನಷ್ಟೇ ತಗೊಳ್ಳುತ್ತಿದ್ದವು, 2017ರಿಂದ ಅವೂ ಆ ಸೌಲಭ್ಯ ತೆಗೆದುಹಾಕಿವೆ. ಹಾಗಾಗಿ ಸಿ ಬಂದ ಜನರಲ್ ಕೆಮಿಸ್ಟ್ರಿಯನ್ನು ಮತ್ತೆ ಓದುವ ಅಗತ್ಯ ಇಲ್ಲ. ಸಿ ಸಾಮಾನ್ಯವಾಗಿ ಸಾಕು, ಸಿ ಮೈನಸ್, ಡಿ, ಎಫ್ ಬಂದರೆ ಮಾತ್ರ ಮತ್ತೆ ಓದಬೇಕು. ಆ ಸಮಯವನ್ನು ಬಯೋಕೆಮಿಸ್ಟ್ರಿಗೆ ಕೊಟ್ಟು ಅಲ್ಲಿ ಎ ತೆಗೆದರೆ, ಹಳೆಯ ಸಿ ಎಷ್ಟೇ ಇದ್ದರೂ ಓದುವವರು ಒಂದು ನಿಮಿಷ ನಿಲ್ಲುತ್ತಾರೆ.

ಈಗ ಮುಂದಿನ ಲೆಕ್ಕ. ಡಿಗ್ರಿಗೆ 120 ಕ್ರೆಡಿಟ್ ಅಂದುಕೊಳ್ಳಿ, ಉಳಿದಿರುವುದು 75. ಅಷ್ಟರಲ್ಲೂ 3.8 ತೆಗೆದರೆ ಒಟ್ಟು 3.43 ಆಗುತ್ತದೆ. ಎಲ್ಲದರಲ್ಲೂ ಎ ತೆಗೆದರೂ 3.55 ದಾಟುವುದಿಲ್ಲ. ಇದನ್ನು ಕೇಳಿ ಎದೆ ಒಡೆದುಕೊಳ್ಳಬೇಡಿ. 3.4ರಿಂದ ಒಳಗೆ ಹೋದವರೂ ಇದ್ದಾರೆ. ಗ್ರೇಡು ಕೆಳಗಿನಿಂದ ಮೇಲಕ್ಕೆ ಹತ್ತಿದೆಯೋ, ಮೇಲಿನಿಂದ ಕೆಳಕ್ಕೆ ಇಳಿದಿದೆಯೋ ಅನ್ನುವುದಕ್ಕೆ ಸಮಿತಿಗಳಲ್ಲಿ ತುಂಬಾ ಬೆಲೆ ಇದೆ. 2.8ರಿಂದ ಶುರುವಾಗಿ ಕೊನೆಯ ನಾಲ್ಕೈದು ಸೆಮಿಸ್ಟರ್ 3.8 ಇರುವ ಹುಡುಗಿ, ಉದ್ದಕ್ಕೂ 3.4 ಎಳೆದವಳಿಗಿಂತ ಒಳ್ಳೆಯ ಅಭ್ಯರ್ಥಿ. ಆದರೆ ಆ ಏರಿಕೆ ನಿಜವಾಗಿ ಆಗಬೇಕು ಅಲ್ವಾ? ಬಾಯಲ್ಲಿ 3.8 ಅನ್ನುವುದು ಸುಲಭ. ಮೇಜರ್ ಪ್ರಶ್ನೆ ಬರುವುದು ಇಲ್ಲಿ: ಯಾವ ಮೇಜರ್‌ನಲ್ಲಿ ಇದ್ದರೆ ಅವಳಿಗೆ 3.8 ತೆಗೆಯುವುದಕ್ಕೆ ಉಸಿರಾಡುವಷ್ಟು ಜಾಗ ಸಿಗುತ್ತದೆ?

ಅದಕ್ಕೂ ಮೊದಲು ಈ ಸೆಮಿಸ್ಟರ್. ಆರ್ಗ್ಯಾನಿಕ್, ಫಿಸಿಕ್ಸ್, ಜೆನೆಟಿಕ್ಸ್ ಮೂರೂ ಒಟ್ಟಿಗೆ ತಗೋ ಅಂತ 2.46 ಇರುವ ಹುಡುಗಿಗೆ ಯಾರು ಹೇಳಿದರೋ, ಅವರ ಮೇಲೆ ನನಗೆ ಸಿಟ್ಟಿದೆ. ಕಾಲೇಜಿನಲ್ಲಿ ಕೋರ್ಸಿನಿಂದ ಹೊರಬರುವುದಕ್ಕೆ ಒಂದು ಕೊನೇ ದಿನ ಇರುತ್ತದೆ, ಸಾಮಾನ್ಯವಾಗಿ ಸೆಮಿಸ್ಟರ್ ಅರ್ಧ ದಾಟಿದ ಮೇಲೆ. ಆ ದಿನ ಯಾವತ್ತು ಅಂತ ಮಗಳನ್ನು ಇವತ್ತೇ ಕೇಳಿ. ಹೊರಬಂದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯೂ ಅಂತ ಬೀಳುತ್ತದೆ. ಅದು ಜಿಪಿಎಗೆ ಸೇರುವುದಿಲ್ಲ. ಒಂದು ಡಬ್ಲ್ಯೂ ಏನೂ ಮಾಡುವುದಿಲ್ಲ, ಸಾಲಾಗಿ ನಾಲ್ಕು ಇದ್ದರೆ ಪ್ರಶ್ನೆ ಏಳುತ್ತದೆ. 41ರಿಂದ ಶುರುವಾಗಿ ಎರಡನೇ ಪರೀಕ್ಷೆಯಲ್ಲೂ ಅಲ್ಲೇ ನಿಂತರೆ ಬರುವುದು ಡಿ. ಡಿಗಿಂತ ಡಬ್ಲ್ಯೂ ಎಷ್ಟೋ ವಾಸಿ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನ ಇಲ್ಲ. ಒಂದೇ ಎಚ್ಚರಿಕೆ, ಹೊರಬಂದ ಮೇಲೂ 12 ಕ್ರೆಡಿಟ್ ಉಳಿದಿರಬೇಕು. ಅದಕ್ಕಿಂತ ಕೆಳಗೆ ಹೋದರೆ ಫುಲ್ ಟೈಮ್ ವಿದ್ಯಾರ್ಥಿ ಅನ್ನುವ ಲೆಕ್ಕ ತಪ್ಪಿ ಸ್ಕಾಲರ್‌ಶಿಪ್ಪು, ಸಾಲ, ವೀಸಾ ಎಲ್ಲಕ್ಕೂ ತೊಂದರೆ ಬರಬಹುದು.

ಅವಳು ಹೇಗೆ ಓದುತ್ತಿದ್ದಾಳೆ ಅಂತ ಒಂದು ಸಲ ನೋಡಬೇಕು. ನೀವಲ್ಲ, ಅವಳೇ. ಒಂದು ಖಾಲಿ ಹಾಳೆ ತಗೊಂಡು, ನೋಟ್ಸ್ ಮುಚ್ಚಿ, ಬ್ರೋಮೋಈಥೇನ್ ಜೊತೆ ಹೈಡ್ರಾಕ್ಸೈಡ್ ಸೇರಿದರೆ ಏನಾಗುತ್ತದೆ ಅಂತ ಬರೆಯಲಿ. ಹೈಡ್ರಾಕ್ಸೈಡ್‌ನಿಂದ ಕಾರ್ಬನ್ ಕಡೆಗೆ ಒಂದು ಬಾಣ. ಕಾರ್ಬನ್ ಮತ್ತು ಬ್ರೋಮಿನ್ ನಡುವಿನ ಬಂಧದಿಂದ ಬ್ರೋಮಿನ್ ಕಡೆಗೆ ಇನ್ನೊಂದು. ಬಾಣ ಯಾವಾಗಲೂ ಎಲೆಕ್ಟ್ರಾನ್ ಇರುವ ಕಡೆಯಿಂದ ಹೊರಡಬೇಕು. ಇಷ್ಟು ಗೊತ್ತಿದ್ದರೆ ನೂರು ರಿಯಾಕ್ಷನ್ ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಆದರೆ ಎಷ್ಟೋ ಮಕ್ಕಳು ಮೇಷ್ಟ್ರ ಸ್ಲೈಡುಗಳಿಗೆ ಹಳದಿ ಬಣ್ಣ ಬಳಿದು, ಅದನ್ನೇ ಐದು ಸಲ ಓದಿ, ಓದಿದ್ದೇನೆ ಅಂದುಕೊಳ್ಳುತ್ತಾರೆ. ಹೈಸ್ಕೂಲಿನಲ್ಲಿ ಅಷ್ಟರಲ್ಲೇ ಎ ಬರುತ್ತಿತ್ತು. ಇಲ್ಲಿ ಪೆನ್ಸಿಲ್ ಹಿಡಿದು ಲೆಕ್ಕ ಬಿಡಿಸಿದವರಿಗೆ ಮಾತ್ರ ಬರುತ್ತದೆ. ಈ ಕೋರ್ಸಿಗೆ ಎಲ್ಲರೂ ಹೆದರುತ್ತಾರೆ ಅನ್ನುವುದೂ ನಿಜ. 2022ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಆರ್ಗ್ಯಾನಿಕ್ ಕ್ಲಾಸಿನ 350 ವಿದ್ಯಾರ್ಥಿಗಳಲ್ಲಿ 82 ಜನ ಕೋರ್ಸು ತೀರಾ ಕಷ್ಟ ಅಂತ ಸಹಿ ಹಾಕಿ ದೂರು ಕೊಟ್ಟು, ಅದು ದೊಡ್ಡ ಸುದ್ದಿಯಾಯಿತು.

ಓದುವ ರೀತಿಯದ್ದೇ ತೊಂದರೆ ಆಗಿರಬೇಕು ಅಂತಲೂ ಇಲ್ಲ. ನಿದ್ದೆ, ರೂಮ್‌ಮೇಟ್ ಜಗಳ, ಮನಸ್ಸು ಕುಗ್ಗಿರುವುದು, ವಾರಕ್ಕೆ ಇಪ್ಪತ್ತು ಗಂಟೆ ಪಾರ್ಟ್ ಟೈಮ್ ಕೆಲಸ, ಯಾರಿಗೂ ಗೊತ್ತಾಗದ ಗಮನದ ತೊಂದರೆ, ಏನು ಬೇಕಾದರೂ ಇರಬಹುದು. ಕಾರಣ ತಿಳಿಯದೆ ಮೇಜರ್ ಬದಲಾಯಿಸಿದರೆ ಹೊಸ ಮೇಜರ್‌ನಲ್ಲೂ ಅದೇ 2.8 ಬರುತ್ತದೆ. ಕಾಲೇಜಿನಲ್ಲಿ ಕೌನ್ಸೆಲಿಂಗ್ ಇದೆ, ಟ್ಯೂಟರಿಂಗ್ ಇದೆ, ಬಹಳ ಕಡೆ ಎರಡೂ ಉಚಿತ. ನಮ್ಮ ಮಕ್ಕಳು ಅಲ್ಲಿಗೆ ಹೋಗುವುದೇ ಇಲ್ಲ, ಹೋದರೆ ದಡ್ಡಿ ಅಂತ ಆಗುತ್ತದಂತೆ. ಕ್ಲಾಸಿನಲ್ಲಿ ಎ ತೆಗೆಯುವವರೇ ಅಲ್ಲಿ ಜಾಸ್ತಿ ಕೂತಿರುತ್ತಾರೆ.

ಸರಿ, ಮೇಜರ್‌ಗೆ ಬರೋಣ.

ಬಯಾಲಜಿ ಬೇಡ ಅಂತ ನಾನು ಎಲ್ಲರಿಗೂ ಹೇಳುವುದಿಲ್ಲ. ಮೆಡಿಕಲ್ ಸ್ಕೂಲಿಗೆ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಯಾಲಜಿ ಕಡೆಯವರೇ. ಆದರೆ ಅರ್ಜಿ ಹಾಕುವವರಲ್ಲೂ ಅವರೇ ಹೆಚ್ಚು, ಅದರಿಂದ ವಿಶೇಷ ಲಾಭ ಏನೂ ಇಲ್ಲ. ಬಯಾಲಜಿ ಮೇಜರ್ ಅಂದರೆ ಪ್ರೀಮೆಡ್ ಕೋರ್ಸುಗಳ ಮೇಲೆ ಇನ್ನೂ ಏಳೆಂಟು ಸೈನ್ಸ್ ಕೋರ್ಸು, ಇಂಥ ಸೆಮಿಸ್ಟರ್‌ನಲ್ಲಿ ಇಂಥದ್ದೇ ಅನ್ನುವ ಕಟ್ಟುಪಾಡು, ಬಹಳಷ್ಟಕ್ಕೆ ಲ್ಯಾಬು. ಪ್ರತಿ ಸೆಮಿಸ್ಟರ್ ಎರಡು ಮೂರು ಸೈನ್ಸ್ ಕೋರ್ಸು ಒಟ್ಟಿಗೆ ಬೀಳುತ್ತವೆ. ಈಗ ಅವಳು ಮುಳುಗುತ್ತಿರುವುದೇ ಆ ಕಾರಣಕ್ಕೆ. ಅದನ್ನೇ ಇನ್ನೂ ನಾಲ್ಕು ಸೆಮಿಸ್ಟರ್ ಮುಂದುವರಿಸಬೇಕಾ?

ಕಂಪ್ಯೂಟರ್ ಸೈನ್ಸ್ ವಿಚಾರದಲ್ಲಿ ನಿಮ್ಮ ಯಜಮಾನರ ಆತಂಕ ನನಗೆ ಅರ್ಥವಾಗುತ್ತದೆ. ಡಾಕ್ಟರ್ ಆಗದಿದ್ದರೆ ಕೈಯಲ್ಲಿ ಒಂದು ಕೆಲಸ ಇರಲಿ ಅಂತ. ಆದರೆ ಕ್ಯಾಲ್ಕುಲಸ್‌ನಲ್ಲಿ ಸಿ ಪ್ಲಸ್ ಬಂದ, ಆ ಕಡೆ ಒಲವೇ ಇಲ್ಲದ ಹುಡುಗಿಯನ್ನು ಎರಡನೇ ವರ್ಷದ ಕೊನೆಯಲ್ಲಿ ಅಲ್ಲಿಗೆ ತಳ್ಳಿದರೆ ಡಾಕ್ಟರೂ ಆಗುವುದಿಲ್ಲ, ಒಳ್ಳೆ ಎಂಜಿನಿಯರೂ ಆಗುವುದಿಲ್ಲ. ಆಮ್ಕಾಸ್ ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಕೋರ್ಸುಗಳನ್ನು ಸೈನ್ಸ್ ಜಿಪಿಎಗೆ ಸೇರಿಸುವುದೂ ಇಲ್ಲ. ಅಷ್ಟು ಕಷ್ಟಪಟ್ಟು ತೆಗೆದ ಎ ಕೂಡ ಆ 2.46ಕ್ಕೆ ಒಂದು ಚೂರೂ ಸಹಾಯ ಮಾಡುವುದಿಲ್ಲ. ಬಯೋಮೆಡಿಕಲ್ ಎಂಜಿನಿಯರಿಂಗ್ ಕೇಳುವವರಿಗೂ ಇದೇ ಉತ್ತರ. ಹೆಸರಿನಲ್ಲಿ ಮೆಡಿಕಲ್ ಇದೆ, ಜಿಪಿಎ ಮಾತ್ರ ನೆಲ ಕಚ್ಚುತ್ತದೆ.

ಪಬ್ಲಿಕ್ ಹೆಲ್ತ್ ಒಳ್ಳೆಯ ವಿಷಯ, ಆಸಕ್ತಿ ಇರುವವರಿಗೆ. ಸುಲಭ ಅಂತ ತಗೊಳ್ಳುವವರಿಗೆ ಅಲ್ಲ. ಆಮ್ಕಾಸ್ ಕೋರ್ಸಿನ ಹೆಸರನ್ನಲ್ಲ, ಒಳಗೇನಿದೆ ಅಂತ ನೋಡಿ ವಿಂಗಡಿಸುತ್ತದೆ. ಪಬ್ಲಿಕ್ ಹೆಲ್ತ್, ನ್ಯೂಟ್ರಿಷನ್ ಕೋರ್ಸುಗಳು ಬಹುಪಾಲು ಹೆಲ್ತ್ ಸೈನ್ಸ್ ಗುಂಪಿಗೆ ಹೋಗುತ್ತವೆ. ಹೆಸರಲ್ಲಿ ಸೈನ್ಸ್ ಇದ್ದರೂ ಸೈನ್ಸ್ ಜಿಪಿಎಗೆ ಬರುವುದಿಲ್ಲ. ಬಯೋಸ್ಟ್ಯಾಟಿಸ್ಟಿಕ್ಸ್ ಬರುತ್ತದೆ, ಗಣಿತದ ಲೆಕ್ಕದಲ್ಲಿ. ಫಿಸಿಯಾಲಜಿ, ಮೈಕ್ರೋಬಯಾಲಜಿ, ಇಮ್ಯುನಾಲಜಿ, ನ್ಯೂರೋಸೈನ್ಸ್ ಬಯಾಲಜಿಗೆ ಬರುತ್ತವೆ. ಬಯೋಕೆಮಿಸ್ಟ್ರಿ ಕೆಮಿಸ್ಟ್ರಿ ಕಡೆಗೆ. ಮುಂದೆ ಕೋರ್ಸು ಆರಿಸುವಾಗ ಈ ವಿಂಗಡಣೆಯ ಪಟ್ಟಿ ಪಕ್ಕದಲ್ಲಿ ಇಟ್ಟುಕೊಂಡೇ ಕೂರಬೇಕು.

ನರ್ಸಿಂಗ್ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡಾಕ್ಟರ್ ಆಗುವುದಕ್ಕೆ ಒಳದಾರಿ ಅಂತ ನರ್ಸಿಂಗ್‌ಗೆ ಸೇರಬಾರದು. ಅಲ್ಲಿನ ಕೆಮಿಸ್ಟ್ರಿ, ಬಯಾಲಜಿ ಕೋರ್ಸುಗಳು ಬೇರೆ ಮಟ್ಟದವು, ಪ್ರೀಮೆಡ್‌ನವನ್ನು ಮತ್ತೆ ಓದಬೇಕಾಗುತ್ತದೆ. ನರ್ಸ್ ಆಗುವ ಆಸೆ ಇದ್ದರೆ ಅದು ಬೇರೆ ಮಾತು, ಒಳ್ಳೆ ಮಾತು.

ಸೈಕಾಲಜಿ ಯಾಕೆ? ಮೊದಲನೆಯದು, ಅವಳಿಗೆ ಇಷ್ಟ, ಎ ಬಂದಿದೆ. ಎರಡನೆಯದು, ಬಿಎ ಸೈಕಾಲಜಿಗೆ ಬೇಕಾಗುವುದು ಸಾಮಾನ್ಯವಾಗಿ 120ರಲ್ಲಿ ಮೂರನೇ ಒಂದು ಭಾಗದ ಆಸುಪಾಸು. ಉಳಿದ ಜಾಗದಲ್ಲಿ ಸೈನ್ಸ್ ಕೋರ್ಸುಗಳನ್ನು ಒಂದೊಂದಾಗಿ, ಅವಳ ವೇಗಕ್ಕೆ ಹಾಕಿಕೊಳ್ಳಬಹುದು. ಮೂರನೆಯದು, ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನಲ್ಲಿ 2015ರಿಂದ ನಾಲ್ಕರಲ್ಲಿ ಒಂದು ಭಾಗ ಹೆಚ್ಚುಕಮ್ಮಿ ಪೂರ್ತಿ ಸೈಕಾಲಜಿ ಮತ್ತು ಸೋಷಿಯಾಲಜಿ. ಒಟ್ಟು 528ರಲ್ಲಿ 132 ಅಂಕ ಅದಕ್ಕೇ. ಬೇರೆಯವರು ಆ ಭಾಗಕ್ಕೆ ಕೊನೆಯಲ್ಲಿ ಗಾಬರಿಯಿಂದ ಓದುತ್ತಾರೆ, ಇವಳಿಗೆ ಅದು ನಾಲ್ಕು ವರ್ಷದ ಓದು.

ಈಗ ಇದರ ಇನ್ನೊಂದು ಮುಖ. 2.46 ಸೈನ್ಸ್ ಜಿಪಿಎ ಇಟ್ಟುಕೊಂಡು ಸೈಕಾಲಜಿಗೆ ಹೋದರೆ, ಸೈನ್ಸ್ ಬಿಟ್ಟು ಓಡಿಹೋದಳು ಅಂತ ಕಾಣುವ ಅಪಾಯ ಇದೆ. ಸೈಕಾಲಜಿಯಲ್ಲಿ ಸಾಲಾಗಿ ಎ ತೆಗೆದು ಬರೀ ಅದನ್ನು ತೋರಿಸಿದರೆ ಸಮಿತಿ ಒಪ್ಪುವುದಿಲ್ಲ. ಮೆಡಿಕಲ್ ಸ್ಕೂಲಿನ ಮೊದಲೆರಡು ವರ್ಷದ ಓದನ್ನು ಇವಳು ತಡೆದುಕೊಳ್ಳುತ್ತಾಳಾ ಅನ್ನುವುದೇ ಅವರ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ಮೇಲ್ಮಟ್ಟದ ಸೈನ್ಸ್ ಕೋರ್ಸುಗಳಲ್ಲಿ. ಕಡ್ಡಾಯವಾದ ಪ್ರೀಮೆಡ್ ಕೋರ್ಸು ಮಾತ್ರ ಮುಗಿಸಿದರೆ, ಅಂದರೆ ಇನ್ನು 24 ಕ್ರೆಡಿಟ್ ಸೈನ್ಸ್, ಅದರಲ್ಲಿ 3.7 ತೆಗೆದರೂ ಸೈನ್ಸ್ ಜಿಪಿಎ 3.14ಕ್ಕೆ ನಿಲ್ಲುತ್ತದೆ. ಅದನ್ನೇ 40 ಕ್ರೆಡಿಟ್‌ಗೆ ಏರಿಸಿ 3.7 ಹಿಡಿದರೆ 3.29. ಹಾಗಾಗಿ ನಾನು ಹೇಳುವುದು, ಸೈಕಾಲಜಿ ಮೇಜರ್, ಅದರ ಜೊತೆ ಮೂರನೇ ಮತ್ತು ನಾಲ್ಕನೇ ವರ್ಷದಲ್ಲಿ ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ನ್ಯೂರೋಬಯಾಲಜಿ ತರಹದ್ದು ಮೂರ್ನಾಲ್ಕು. ಮೊದಲ ಎರಡು ಸೆಮಿಸ್ಟರ್ ಒಂದು ಸಲಕ್ಕೆ ಒಂದೇ ಸೈನ್ಸ್ ಕೋರ್ಸು. ಎರಡು ಸಲ ಎ ಬಂದ ಮೇಲೆ ಎರಡೆರಡು. ಅದಕ್ಕೂ ಮೊದಲು ಹೆಚ್ಚಿಸಬಾರದು. ಸ್ಟ್ಯಾಟಿಸ್ಟಿಕ್ಸ್ ಒಂದೆರಡು ಸೇರಿಸಿದರೆ ಸೈನ್ಸ್ ಜಿಪಿಎಗೂ ಆಯಿತು, ಬರೀ ಬಿಎ ಸೈಕಾಲಜಿಗೆ ಕೆಲಸ ಸಿಗುವುದು ಕಷ್ಟ ಅನ್ನುವ ಯಜಮಾನರ ಚಿಂತೆಗೂ ಸ್ವಲ್ಪ ಸಮಾಧಾನ ಆಯಿತು. ಡಬಲ್ ಮೇಜರ್ ಮಾತ್ರ ಬೇಡವೇ ಬೇಡ. ಅದಕ್ಕೆ ಯಾವ ಮೆಡಿಕಲ್ ಸ್ಕೂಲೂ ಹೆಚ್ಚು ಅಂಕ ಕೊಡುವುದಿಲ್ಲ.

ಇಷ್ಟೆಲ್ಲ ಮಾಡಿದರೆ ನಾಲ್ಕು ವರ್ಷಕ್ಕೆ ಮುಗಿಯುವುದಿಲ್ಲ, ಇದನ್ನು ಈಗಲೇ ಮನಸ್ಸಿಗೆ ತಂದುಕೊಳ್ಳಿ. ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವುದು ಸೇರುವುದಕ್ಕೆ ಒಂದು ವರ್ಷಕ್ಕೂ ಮೊದಲು, ಮೇ ಕೊನೆ ಅಥವಾ ಜೂನ್‌ನಲ್ಲಿ. ಮೂರನೇ ವರ್ಷ ಮುಗಿದ ಕೂಡಲೇ ಹಾಕಿದರೆ ಅವಳ ಏರಿಕೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕಾಣುವುದೇ ಇಲ್ಲ. ಡಿಗ್ರಿ ಮುಗಿಸಿ, ಎಂಕ್ಯಾಟ್ ಬರೆದು, ಆಮೇಲೆ ಹಾಕಲಿ. ನಡುವೆ ಒಂದೋ ಎರಡೋ ವರ್ಷ ಖಾಲಿ ಬರುತ್ತದೆ. ಅದು ಅವಮಾನ ಅಲ್ಲ, ಈಗ ಸೇರುವವರಲ್ಲಿ ಹೆಚ್ಚಿನವರು ಹಾಗೇ ಬರುತ್ತಾರೆ. ಯುಗಾದಿಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೂ ನಮ್ಮ ಹುಡುಗನಿಗೆ ಹೈಸ್ಕೂಲಿನಿಂದಲೇ ಬಿಎಸ್-ಎಂಡಿ (ಡಿಗ್ರಿ, ಮೆಡಿಕಲ್ ಎರಡೂ ಸೇರಿದ ಸೀಟು) ಸಿಕ್ಕಿತು ಅಂದರೆ, ಸಂತೋಷ ಅಂತ ಹೇಳಿ ಹೋಳಿಗೆ ಹಾಕಿಸಿಕೊಳ್ಳಿ. ಆ ಖಾಲಿ ವರ್ಷದಲ್ಲಿ ಡಾಕ್ಟರ ಜೊತೆ ನಿಂತು ನೋಟ್ಸ್ ಬರೆಯುವ ಸ್ಕ್ರೈಬ್ ಕೆಲಸ, ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ ಕೆಲಸ, ಇಂಥದ್ದು ಮಾಡಲಿ. ರೋಗಿಗಳ ಹತ್ತಿರ ಹೋಗದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದರೆ ಗ್ರೇಡ್ ಇದ್ದವರಿಗೂ ಕಷ್ಟ.

ಜಿಪಿಎ ಇನ್ನೂ ಸಾಲದಿದ್ದರೆ ಎರಡು ದಾರಿ. ಪೋಸ್ಟ್-ಬ್ಯಾಕ್ ಅಂದರೆ ಡಿಗ್ರಿ ಆದ ಮೇಲೆ ಮತ್ತೆ ಡಿಗ್ರಿ ಮಟ್ಟದ ಸೈನ್ಸ್ ಕೋರ್ಸು ಓದುವುದು. ಅದು ಹಳೆಯ ಜಿಪಿಎಗೆ ಸೇರುತ್ತದೆ: 3.43 ಇದ್ದವಳು 30 ಕ್ರೆಡಿಟ್‌ನಲ್ಲಿ 3.8 ತೆಗೆದರೆ 3.5 ಆಗುತ್ತಾಳೆ. ಎಸ್‌ಎಂಪಿ ಅಂದರೆ ಒಂದು ವರ್ಷದ ಮಾಸ್ಟರ್ಸ್, ಕೆಲವು ಕಡೆ ಮೆಡಿಕಲ್ ವಿದ್ಯಾರ್ಥಿಗಳ ಜೊತೆಗೇ ಕೂತು ಅವರದ್ದೇ ಪರೀಕ್ಷೆ ಬರೆಯುವುದು. ಜಾರ್ಜ್‌ಟೌನ್, ಬಾಸ್ಟನ್ ಯೂನಿವರ್ಸಿಟಿಗಳಲ್ಲಿ ಇಂಥದ್ದು ತುಂಬಾ ಹಿಂದಿನಿಂದ ಇದೆ. ಅದರ ಗ್ರೇಡು ಪ್ರತ್ಯೇಕವಾಗಿ ತೋರಿಸುತ್ತದೆ, ಡಿಗ್ರಿ ಜಿಪಿಎಯನ್ನು ಏರಿಸುವುದಿಲ್ಲ. ಖರ್ಚು ಜಾಸ್ತಿ, ಅಲ್ಲಿ ಎಡವಿದರೆ ಮುಂದೆ ದಾರಿ ಕಡಿಮೆ. ಓದುವ ರೀತಿ ಸರಿಯಾಗಿದೆ ಅಂತ ಖಾತ್ರಿ ಆಗುವ ತನಕ ಅತ್ತ ಹೋಗಬಾರದು.

ಡಿಒ ಸ್ಕೂಲುಗಳನ್ನು ಈಗಿನಿಂದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ. ನಮ್ಮವರು ಡಿಒ ಅಂದರೆ ಮುಖ ಕಿವುಚುತ್ತಾರೆ, ಊರಲ್ಲಿ ಆಸ್ಟಿಯೋಪತಿ ಅಂದರೆ ಮೂಳೆ ನೀವುವವರು ಅಂತ ನಗುತ್ತಾರೆ. ಅಮೆರಿಕದಲ್ಲಿ ಡಿಒ ಪೂರ್ತಿ ಡಾಕ್ಟರ್. ಔಷಧಿ ಬರೆಯುತ್ತಾರೆ, ಸರ್ಜರಿ ಮಾಡುತ್ತಾರೆ, 2020ರಿಂದ ರೆಸಿಡೆನ್ಸಿ (ಮೆಡಿಕಲ್ ಡಿಗ್ರಿ ಆದ ಮೇಲಿನ ಆಸ್ಪತ್ರೆ ತರಬೇತಿ) ವ್ಯವಸ್ಥೆಯೂ ಎಂಡಿಯವರ ಜೊತೆ ಒಂದೇ ಆಗಿದೆ. ಸೇರುವವರ ಸರಾಸರಿ ಜಿಪಿಎ 3.6ರ ಆಸುಪಾಸು, ಎಂಕ್ಯಾಟ್ 504ರ ಹತ್ತಿರ. ಎಂಡಿಗೆ ಅದು 511, 512. ನಿಮ್ಮ ಮಗಳಿಗೆ ಕೈಗೆ ಸಿಗುವ ದಾರಿ ಇದು. ಎಂಕ್ಯಾಟ್ ಮಾತ್ರ ಸುಮ್ನೆ ಅಭ್ಯಾಸಕ್ಕೆ ಅಂತ ಒಂದು ಸಲ ಬರೆದು ನೋಡುವ ಪರೀಕ್ಷೆ ಅಲ್ಲ. ಜೀವಮಾನಕ್ಕೆ ಏಳು ಸಲ ಅಂತ ಮಿತಿ ಇದೆ, ಬರೆದದ್ದೆಲ್ಲ ಸ್ಕೂಲುಗಳಿಗೆ ಕಾಣುತ್ತದೆ.

ಕೆರಿಬಿಯನ್ ಕಾಲೇಜಿನ ಜಾಹೀರಾತು ನಿಮ್ಮ ಇಮೇಲಿಗೆ ಬಂದೇ ಬರುತ್ತದೆ. ಜಿಪಿಎ 2.8 ಇದ್ದರೂ ಸೇರಿಸಿಕೊಳ್ಳುವವರು ಇದ್ದಾರೆ. ಸೇರುವುದು ಅಲ್ಲಿ ಕಷ್ಟ ಅಲ್ಲ, ಮುಗಿಸುವುದು ಕಷ್ಟ. ಈಚಿನ ವರ್ಷಗಳಲ್ಲಿ ಅಮೆರಿಕದ ಎಂಡಿ, ಡಿಒ ಮುಗಿಸುವವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ರೆಸಿಡೆನ್ಸಿ ಸಿಗುತ್ತಿದೆ. ಹೊರಗೆ ಓದಿ ಬಂದ ಅಮೆರಿಕನ್ ಪ್ರಜೆಗಳಿಗೆ ಅದು ಸುಮಾರು ಮೂರರಲ್ಲಿ ಎರಡು ಭಾಗ. ನಡುವೆ ಬಿಟ್ಟು ಬಂದವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಅವರ ತಲೆಯ ಮೇಲೆ ಸಾಲ ಮಾತ್ರ ಇರುತ್ತದೆ. ಊರಿಗೆ ಕಳಿಸಿ ಎನ್‌ಆರ್‌ಐ ಕೋಟಾದಲ್ಲಿ ಎಂಬಿಬಿಎಸ್ ಮಾಡಿಸೋಣ ಅನ್ನುವ ಯೋಚನೆಯೂ ಬಂದಿರಬಹುದು. ಅದಕ್ಕೂ ನೀಟ್ ಪಾಸಾಗಬೇಕು, ದುಡ್ಡಿದ್ದರೆ ಸಾಲದು. ಕಾಲೇಜು ಎರಡು ವರ್ಷ ಆದವಳು ಮತ್ತೆ ಪಿಯುಸಿ ಮಟ್ಟದ ಫಿಸಿಕ್ಸ್‌ಗೆ ಕೂರಬೇಕು. ಅಲ್ಲಿ ಮುಗಿಸಿ ಇಲ್ಲಿಗೆ ಬರಬೇಕಾದರೆ ಯುಎಸ್‌ಎಂಎಲ್‌ಇ ಅನ್ನುವ ಲೈಸೆನ್ಸ್ ಪರೀಕ್ಷೆ, ರೆಸಿಡೆನ್ಸಿ ಪೈಪೋಟಿ ಎಲ್ಲ ಮತ್ತೆ ಮೊದಲಿನಿಂದ.

ಡಾಕ್ಟರ ಜೊತೆ ಸೇರಿ ರೋಗಿಗಳನ್ನು ನೋಡುವ ಫಿಸಿಷಿಯನ್ ಅಸಿಸ್ಟೆಂಟ್ ಆಗಲಿ ಅನ್ನುವವರೂ ಸಿಗುತ್ತಾರೆ. ಒಳ್ಳೆಯ ಕೆಲಸ. ಆದರೆ ಅದನ್ನು ಗ್ರೇಡ್ ಇಲ್ಲದವರ ದಾರಿ ಅಂತ ತಿಳಿಯಬೇಡಿ, ಅಲ್ಲಿಯೂ 3.5ಕ್ಕಿಂತ ಮೇಲಿನವರೇ ಹೆಚ್ಚು ಸೇರುತ್ತಾರೆ, ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆಗಳನ್ನೂ ಕೇಳುತ್ತಾರೆ. ಅದಕ್ಕೂ ಇದೇ ತಯಾರಿ ಬೇಕು, ಹಾಗಾಗಿ ಇಂದು ಮಾಡಿದ್ದು ವ್ಯರ್ಥ ಆಗುವುದಿಲ್ಲ.

ಮನೆಯ ಮಾತು ಒಂದು. 18 ತುಂಬಿದ ಮೇಲೆ ಅವಳ ಒಪ್ಪಿಗೆ ಇಲ್ಲದೆ ಕಾಲೇಜು ಸಾಮಾನ್ಯವಾಗಿ ನಿಮಗೆ ಗ್ರೇಡ್ ಹೇಳುವುದಿಲ್ಲ, ಕಾನೂನೇ ಹಾಗಿದೆ. ನಿಮಗೆ ಈ ಗ್ರೇಡುಗಳೂ, ಆ 41ಊ ಗೊತ್ತಿದೆ ಅಂದರೆ ಅವಳೇ ಹೇಳಿರಬೇಕು. ಅಷ್ಟು ನಂಬಿಕೆ ಇನ್ನೂ ಇದೆ. ಅದನ್ನು ಬೈದು ಕಳೆದುಕೊಳ್ಳಬೇಡಿ. ಮುಂದಿನ ಸಲ ಅವಳು 41ನ್ನು 71 ಅಂತ ಹೇಳಿದರೆ ನಿಮಗೆ ಗೊತ್ತಾಗುವ ಹೊತ್ತಿಗೆ ಡಬ್ಲ್ಯೂ ತಗೊಳ್ಳುವ ದಿನ ಮುಗಿದಿರುತ್ತದೆ. ಡಾಕ್ಟರ್ ಆಸೆ ಯಾರದ್ದು ಅಂತಲೂ ಒಂದು ಸಲ ಕೇಳಿ, ನಿಮ್ಮ ಯಜಮಾನರು ಎದುರಿಗೆ ಇಲ್ಲದಾಗ. ನಿಮ್ಮ ಪತ್ರದಲ್ಲಿ ಅವಳು ಹೇಳಿದ್ದು ಒಂದೇ ಮಾತು, ಸೈಕಾಲಜಿ.

ಕೊನೆಗೆ, ನೀವು ಬರೆಯದೆ ಬಿಟ್ಟ ಒಂದು ವಿಷಯ: ಗ್ರೀನ್ ಕಾರ್ಡ್ ಇದೆಯಾ? ಅವಳು ಪ್ರಜೆಯಾಗಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಇದನ್ನು ಓದದೆ ಬಿಡಿ. ಇನ್ನೂ ನಿಮ್ಮ ಕೆಲಸದ ವೀಸಾಗೆ ಅಂಟಿದ ಎಚ್-4 ವೀಸಾದಲ್ಲಿ ಇದ್ದರೆ 21 ತುಂಬಿದ ದಿನ ಅದು ಮುಗಿಯುತ್ತದೆ, ಆಮೇಲೆ ಬಹುಪಾಲು ಮಕ್ಕಳು ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಬದಲಾಗುತ್ತಾರೆ. ಎಫ್-1ನವರನ್ನು ಸೇರಿಸಿಕೊಳ್ಳುವ ಮೆಡಿಕಲ್ ಸ್ಕೂಲುಗಳು ಕಡಿಮೆ, ಸ್ಟೇಟ್ ಸ್ಕೂಲುಗಳಂತೂ ತೀರಾ ಕಡಿಮೆ. ಸೇರಿಸಿಕೊಳ್ಳುವ ಕೆಲವು ಕಡೆ ನಾಲ್ಕು ವರ್ಷದ ದುಡ್ಡನ್ನು ಮುಂಚೆಯೇ ಖಾತೆಯಲ್ಲಿ ಇಟ್ಟು ತೋರಿಸಿ ಅನ್ನುತ್ತಾರೆ. ಹಾಗಿದ್ದರೆ ಸ್ಕೂಲುಗಳ ಪಟ್ಟಿಯನ್ನು ಮೊದಲು ಆ ಕಡೆಯಿಂದ ಮಾಡಬೇಕು, ಖಾಲಿ ವರ್ಷಗಳಲ್ಲಿ ಯಾವ ವೀಸಾದ ಮೇಲೆ ಇಲ್ಲಿ ಇರುತ್ತಾಳೆ ಅಂತಲೂ ನೋಡಬೇಕು. ಅದಕ್ಕೆ ಕಾಲೇಜಿನ ಅಡ್ವೈಸರ್ ಸಾಲುವುದಿಲ್ಲ, ಇಮಿಗ್ರೇಷನ್ ವಕೀಲರ ಹತ್ತಿರ ಒಂದು ಗಂಟೆ ಕೂರಿ. ಮೇಜರ್ ಫಾರಂ ತುಂಬುವ ಮೊದಲೇ ಕೂತರೆ ಒಳ್ಳೆಯದು.